ಕರಗುವ ಎಲೆ, ಕಂದು ಪಾಚಿ, ಸಾಯುವ ಮೀನು: ಗಿಡದ ಅಕ್ವೇರಿಯಂನ ಮೊದಲ ವಾರಗಳು

ಪ್ರಶ್ನೆ: ಚಿತ್ರದುರ್ಗದ ಹೊರಬಡಾವಣೆಯಲ್ಲಿ ನಮ್ಮ ಮನೆ. ಮೂರು ವಾರದ ಹಿಂದೆ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ತಂದು, ಜಲ್ಲಿ ಹಾಸಿ, ಬೋರ್ ನೀರು ತುಂಬಿಸಿ ಗಿಡ ನೆಟ್ಟೆ. ಅಮೆಜಾನ್ ಸ್ವೋರ್ಡ್ ಎರಡು, ಕ್ರಿಪ್ಟೊಕೊರೈನ್ ಮೂರು ಬುಡ, ಅನುಬಿಯಾಸ್ ಒಂದು, ಲಕ್ಕಿ ಬ್ಯಾಂಬೂ ನಾಲ್ಕು ಕಡ್ಡಿ. ಆನ್‌ಲೈನ್‌ನಲ್ಲಿ ತರಿಸಿದ ಹುಲ್ಲಿನ ಬೀಜವನ್ನೂ ಚೆಲ್ಲಿದ್ದೇನೆ. ಮರುದಿನವೇ ಹನ್ನೆರಡು ನಿಯಾನ್ ಟೆಟ್ರಾ ಬಿಟ್ಟೆ, ಈಗ ಏಳು ಉಳಿದಿವೆ. ಕ್ರಿಪ್ಟೊಕೊರೈನ್ ಎಲೆಗಳೆಲ್ಲ ಲೋಳೆಯಾಗಿ ಕರಗಿವೆ, ಸ್ವೋರ್ಡಿನ ಎಲೆ ಹಳದಿಯಾಗುತ್ತಿದೆ, ಗಾಜಿಗೂ ಕಲ್ಲಿಗೂ ಕಂದು ಪುಡಿ ಅಂಟಿದೆ. ಬೆಳಿಗ್ಗೆ ಎದ್ದಾಗ ಹಾಕಿದ ಲೈಟನ್ನು ರಾತ್ರಿ ಮಲಗುವಾಗ ಆರಿಸುತ್ತೇನೆ. ಪ್ರತಿ ಭಾನುವಾರ ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಡಿದು ಚೆನ್ನಾಗಿ ತೊಳೆಯುತ್ತೇನೆ. ಸಕ್ಕರ್ ಮೀನು ಬಿಟ್ಟರೆ ಪಾಚಿ ಹೋಗುತ್ತದೆ, ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಸಿಲಿಂಡರ್ ಹಾಕಿಸಿದರೆ ಗಿಡ ಬರುತ್ತದೆ ಎನ್ನುತ್ತಾರೆ ಅಂಗಡಿಯವರು. ನಮ್ಮ ಗಡಸು ನೀರಿನಲ್ಲಿ ಗಿಡ ಬರುವುದೇ ಇಲ್ಲವೇ? ಎಲ್ಲ ಖಾಲಿ ಮಾಡಿ ಹೊಸದಾಗಿ ಶುರು ಮಾಡಲೇ?

ಉತ್ತರ: ಖಾಲಿ ಮಾಡಬೇಡಿ. ಈ ಮೂರು ವಾರದಲ್ಲಿ ನಿಮ್ಮ ತೊಟ್ಟಿಯಲ್ಲಿ ಆಗಬೇಕಾದ ಕೆಲಸ ಅರ್ಧ ಆಗಿದೆ. ಈಗ ಬರಿದು ಮಾಡಿದರೆ ಅದೆಲ್ಲ ಮೊದಲಿನಿಂದ ಆಗಬೇಕು, ಇದೇ ಕಂದು ಪುಡಿ, ಇದೇ ಸಾವು ಇನ್ನೊಮ್ಮೆ ಬರುತ್ತದೆ.

ನೀವು ಬರೆದಿರುವ ಮೂರು ತೊಂದರೆಗಳು ಒಂದೇ ಹೊತ್ತಿಗೆ ಕಾಣಿಸಿಕೊಂಡಿರುವುದರಿಂದ ಒಂದೇ ಕಾಯಿಲೆ ಅನಿಸುವುದು ಸಹಜ. ಆದರೆ ಎಲೆ ಕರಗುವುದಕ್ಕೆ ಒಂದು ಕಾರಣ, ಕಂದು ಪುಡಿಗೆ ಇನ್ನೊಂದು, ಮೀನು ಸಾಯುವುದಕ್ಕೆ ಮತ್ತೊಂದು. ಮೊದಲಿನ ಎರಡು ತಾವಾಗಿ ಸರಿಹೋಗುವಂಥವು. ಮೂರನೆಯದಕ್ಕೆ ಇವತ್ತೇ ಕೈಹಾಕಬೇಕು. ಹಾಗಾಗಿ ಮೀನಿನಿಂದಲೇ ಶುರು ಮಾಡುತ್ತೇನೆ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಮೀನಿನ ಹಿಕ್ಕೆ ಇವುಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ಹಳೆಯ ತೊಟ್ಟಿಯಲ್ಲಿ ಇದನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿ ಮಾಡುತ್ತದೆ, ಮತ್ತೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ವಿಷ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನಿಗೆ ಬಾಧೆಯಿಲ್ಲ, ಗಿಡಕ್ಕೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಸ್ಪಂಜಿನ ರಂಧ್ರಗಳಲ್ಲಿ, ಜಲ್ಲಿಯ ಮೈಮೇಲೆ, ಗಿಡದ ಬೇರಿನಲ್ಲಿ ಅಂಟಿಕೊಂಡು ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಹನ್ನೆರಡು ಮೀನು ಎರಡನೇ ದಿನವೇ ಆ ನೀರಿಗೆ ಇಳಿದವು. ಸಾಲದ್ದಕ್ಕೆ, ವಾರವಿಡೀ ಸ್ಪಂಜಿನಲ್ಲಿ ಬೆಳೆದ ಬ್ಯಾಕ್ಟೀರಿಯಾದಲ್ಲಿ ಬಹುಪಾಲನ್ನು ಪ್ರತಿ ಭಾನುವಾರ ನಲ್ಲಿಯಡಿ ತೊಳೆದು ಚರಂಡಿಗೆ ಬಿಟ್ಟಿದ್ದೀರಿ.

ಇದನ್ನು ಗದರಿಸುವುದಕ್ಕೆ ಹೇಳುತ್ತಿಲ್ಲ. ನನ್ನ ಮೊದಲ ತೊಟ್ಟಿಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಸ್ಪಂಜು ಹೊಸದರಂತೆ ಬೆಳ್ಳಗಾಗುವವರೆಗೆ ಹಿಂಡಿ ತೊಳೆದ ಮೂರನೇ ದಿನಕ್ಕೆ ಒಂಬತ್ತು ಗಪ್ಪಿ ಸತ್ತವು. ಕೊಳಕು ಎಂದು ನಾವು ತೊಳೆಯುವ ಆ ಕಂದು ಲೋಳೆಯೇ ತೊಟ್ಟಿಯ ಜೀವ ಎಂದು ಆಗ ನನಗೆ ಹೇಳುವವರು ಇರಲಿಲ್ಲ. ಇನ್ನು ಮುಂದೆ ಸ್ಪಂಜು ತೊಳೆಯುವುದು ತಿಂಗಳಿಗೊಮ್ಮೆ ಸಾಕು, ಅದೂ ನೀರಿನ ಹರಿವು ಕುಗ್ಗಿದ್ದರೆ ಮಾತ್ರ. ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು ಅದರಲ್ಲಿ ಎರಡು ಮೂರು ಸಲ ಅದುಮಿ ಬಿಡಿ. ಬೆಳ್ಳಗಾಗಬೇಕಿಲ್ಲ.

ನಿಮ್ಮಲ್ಲಿ ಸಂಗತಿಯನ್ನು ಇನ್ನಷ್ಟು ಕೆಡಿಸಿರುವುದು ನೀರಿನ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಅಳತೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಮೋನಿಯಂ, ಅದು ಅಷ್ಟೇನೂ ಕೆಡುಕು ಮಾಡದು. ಇನ್ನೊಂದು ಕಿವಿರನ್ನು ಸುಡುವ ಅಮೋನಿಯಾ. ಪಿಎಚ್ 7 ಇದ್ದಾಗ ಈ ಎರಡನೆಯದು ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಪಿಎಚ್ 8 ಆದರೆ ಐದಾರು ಪಾಲಾಗುತ್ತದೆ, ನೀರು ಬಿಸಿಯಾದಷ್ಟೂ ಇನ್ನೂ ಏರುತ್ತದೆ. ಗಡಸು ಬೋರ್ ನೀರು ತೊಟ್ಟಿಯಲ್ಲಿ ಒಂದು ದಿನ ಗಾಳಿಯಾಡಿದ ಮೇಲೆ ಸಾಮಾನ್ಯವಾಗಿ 8ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅಂದರೆ ಮೆದು ನೀರಿನ ಮನೆಯಲ್ಲಿ ಮೀನು ತಾಳಿಕೊಳ್ಳುತ್ತಿದ್ದ ಅಷ್ಟೇ ಅಮೋನಿಯಾ ನಿಮ್ಮ ಮನೆಯಲ್ಲಿ ಹಲವು ಪಟ್ಟು ವಿಷ. ನಿಯಾನ್ ಟೆಟ್ರಾ ಅಮೆಜಾನ್ ಕಾಡಿನ ತೊರೆಗಳ ಮೀನು. ಎಲೆ ಬಿದ್ದು ಚಹಾ ಬಣ್ಣಕ್ಕೆ ತಿರುಗಿದ, ಹುಳಿಯಾದ, ತೀರಾ ಮೆದು ನೀರು ಅದರ ತವರು. ಹೊಸ ತೊಟ್ಟಿಗೂ ಗಡಸು ನೀರಿಗೂ ಇಷ್ಟು ಒಗ್ಗದ ಇನ್ನೊಂದು ಮೀನು ಅಂಗಡಿಯಲ್ಲಿ ಸಿಗುವುದು ಕಷ್ಟ.

ಇವತ್ತು ಮಾಡಬೇಕಾದದ್ದು ಇಷ್ಟು. ಎರಡು ದಿನ ಆಹಾರ ಹಾಕಬೇಡಿ, ಮೀನಿಗೆ ಏನೂ ಆಗುವುದಿಲ್ಲ. ಮೂರನೇ ದಿನದಿಂದ ದಿನಕ್ಕೊಮ್ಮೆ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕನ್ನೂ ಅಳೆಯುವ ಹನಿ ಹಾಕುವ ಟೆಸ್ಟ್ ಕಿಟ್ ತರಿಸಿಕೊಳ್ಳಿ. ಅಂಗಡಿಯಲ್ಲಿ ಮಾರುವ ಹತ್ತು ಬಾಟಲಿಗಳಿಗಿಂತ ಈ ಒಂದು ಕಿಟ್ ಮೇಲು. ಅಮೋನಿಯಾ ಅಥವಾ ನೈಟ್ರೈಟ್ 0.5 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅರ್ಧ ಪಾಲು) ದಾಟಿದ್ದರೆ ಅರ್ಧ ನೀರು ಬದಲಿಸಿ. ಕಿಟ್ ಬರುವವರೆಗೆ ದಿನ ಬಿಟ್ಟು ದಿನ ಮೂರನೇ ಒಂದು ಪಾಲು ಬದಲಿಸುತ್ತಿರಿ. ಬೋರ್ ನೀರನ್ನು ನೇರವಾಗಿ ಸುರಿಯಬೇಡಿ. ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಹೆಚ್ಚು. ಹಿಂದಿನ ರಾತ್ರಿಯೇ ಅಗಲ ಬಾಯಿಯ ಬಕೆಟ್‌ನಲ್ಲಿ ಹಿಡಿದಿಟ್ಟು, ಬೆಳಿಗ್ಗೆ ಮಗ್ಗಿನಿಂದ ಎತ್ತಿ ಎತ್ತಿ ಸುರಿದು ಬಳಸಿ. ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದ್ದರೆ ಕ್ಲೋರಿನ್ ತೆಗೆಯುವ ದ್ರವ ಸೇರಿಸಲೇಬೇಕು. ನೈಟ್ರೈಟ್ ಹೆಚ್ಚು ಕಂಡರೆ ಒಂದು ಟೀ ಚಮಚ ಕಲ್ಲುಪ್ಪನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ ತೊಟ್ಟಿಗೆ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್, ಕಿವಿರಿನ ಮೂಲಕ ನೈಟ್ರೈಟ್ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ನಿಮ್ಮ ತೊಟ್ಟಿ ಲೆಕ್ಕಕ್ಕೆ 56 ಲೀಟರ್, ಜಲ್ಲಿ ಕಳೆದು ಮೇಲೆ ಎರಡಂಗುಲ ಬಿಟ್ಟರೆ ನಿಜವಾದ ನೀರು 45 ಲೀಟರಿನಷ್ಟು. ಅಷ್ಟಕ್ಕೆ ಒಂದು ಚಮಚ ಗಿಡಗಳೂ ತಾಳುತ್ತವೆ. ಪ್ರತಿ ಸಲ ನೀರು ಬದಲಿಸಿದಾಗ ಮತ್ತೊಂದು ಚಮಚ ಸುರಿಯಲು ಹೋಗಬೇಡಿ, ತೆಗೆದಷ್ಟು ನೀರಿನ ಪಾಲಿಗೆ ಮಾತ್ರ.

ಊರಿನಲ್ಲಿ ಯಾರ ಮನೆಯಲ್ಲಾದರೂ ವರ್ಷ ತುಂಬಿದ, ಮೀನು ಆರೋಗ್ಯವಾಗಿರುವ ಅಕ್ವೇರಿಯಂ ಇದ್ದರೆ, ಅವರ ಫಿಲ್ಟರಿನ ಒಂದು ತುಂಡು ಸ್ಪಂಜು ಕೇಳಿ ತನ್ನಿ. ಒಣಗಲು ಬಿಡದೆ, ಅದೇ ನೀರಿನಲ್ಲಿ ಮುಳುಗಿಸಿ ತಂದು ನಿಮ್ಮ ಫಿಲ್ಟರಿನೊಳಗೆ ತುರುಕಿ. ಮೊಸರಿಗೆ ಹೆಪ್ಪು ಹಾಕಿದಂತೆ, ಆರು ವಾರದ ಕೆಲಸ ಎರಡು ವಾರಕ್ಕೆ ಬಂದರೂ ಬರಬಹುದು.

ಈಗ ನೀರಿನ ಮಾತು. ಗಡಸು ನೀರಿನಲ್ಲಿ ಗಿಡ ಬರುವುದಿಲ್ಲ ಎನ್ನುವುದು ತಪ್ಪು, ಈ ತಪ್ಪನ್ನು ನಾನು ತುಂಬ ಕಡೆ ಕೇಳಿದ್ದೇನೆ. ಗೀಸರಿನ ಕಾಯಿಲ್ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದಲ್ಲ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಕಾರ್ಬೊನೇಟ್. ಇವೆರಡೂ ಗಿಡಕ್ಕೆ ಬೇಕಾದ ಪೋಷಕಗಳೇ. ನೀರಿನಲ್ಲಿ ಕರಗಿಕೊಂಡಿರುವಾಗ ಇವುಗಳ ಜೊತೆಗಿರುವುದು ಬೈಕಾರ್ಬೊನೇಟ್. ಗಿಡಕ್ಕೆ ದ್ಯುತಿಸಂಶ್ಲೇಷಣೆಗೆ ಇಂಗಾಲ ಬೇಕು. ಎಲ್ಲ ಜಲಸಸ್ಯಗಳೂ ಅದನ್ನು ಕರಗಿದ ಕಾರ್ಬನ್ ಡೈಆಕ್ಸೈಡಿನಿಂದ ತೆಗೆದುಕೊಳ್ಳುತ್ತವೆ. ಆದರೆ ಕೆಲವು ಮಾತ್ರ, ಅದು ಸಾಲದಾದಾಗ, ಬೈಕಾರ್ಬೊನೇಟನ್ನೂ ಒಡೆದು ಇಂಗಾಲ ಪಡೆಯುತ್ತವೆ. ಹೈಡ್ರಿಲ್ಲ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಈ ಸಾಲಿನವು. ನಮ್ಮ ಬಯಲುಸೀಮೆಯ ಕೆರೆ ಕಾಲುವೆಗಳಲ್ಲಿ ಹೈಡ್ರಿಲ್ಲ ಹಾಗೆ ದಟ್ಟವಾಗಿ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಅಂದರೆ ಮೆದು ನೀರಿನವರು ಸಿಲಿಂಡರ್ ಇಟ್ಟು ಕೊಡುವ ಇಂಗಾಲದಲ್ಲಿ ಒಂದು ಪಾಲು ನಿಮ್ಮ ಬೋರ್ ನೀರಿನಲ್ಲೇ ಇದೆ. ಅದನ್ನು ಉಣ್ಣಬಲ್ಲ ಗಿಡ ಆರಿಸಿಕೊಂಡರೆ ಆಯಿತು. ನಯವಾದ ಬೀಸಣಿಗೆಯಂಥ ಎಲೆಯ ಕಬೋಂಬಾ ನೋಡಲು ಚೆಂದ, ಆದರೆ ಅದಕ್ಕೆ ಬೈಕಾರ್ಬೊನೇಟ್ ದಕ್ಕುವುದಿಲ್ಲ. ನಿಮ್ಮ ನೀರಿನಲ್ಲಿ ಅದು ಸೊರಗುತ್ತದೆ, ತರಬೇಡಿ.

ಉಳಿದ ಏಳು ಟೆಟ್ರಾಗಳಿಗಾಗಿ ನೀರನ್ನು ಸ್ವಲ್ಪ ಮೆದು ಮಾಡಬಹುದು. ಮನೆಯಲ್ಲಿ ಆರ್‌ಒ ಇದ್ದರೆ, ಬದಲಿಸುವ ನೀರಿನಲ್ಲಿ ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಖನಿಜವೇ ಇರುವುದಿಲ್ಲ. ಒಂದೇ ದಿನ ಎಲ್ಲವನ್ನೂ ಬದಲಿಸಿದರೆ ಮೀನಿಗೆ ಆಘಾತ. ಅಮೋನಿಯಾ ಇಳಿದ ಮೇಲೆ, ವಾರಕ್ಕೆ ಹತ್ತು ಲೀಟರಿನಂತೆ ನಾಲ್ಕಾರು ವಾರದಲ್ಲಿ ನಿಧಾನ ಇಳಿಯಲಿ. ಮಳೆಗಾಲದಲ್ಲಾದರೆ ತಾರಸಿ ನೀರು ಇದಕ್ಕಿಂತ ಒಳ್ಳೆಯದು. ಮೊದಲ ಎರಡು ಮೂರು ಮಳೆ ತಾರಸಿಯ ಧೂಳು, ಹಕ್ಕಿ ಹಿಕ್ಕೆ ತೊಳೆದುಕೊಂಡು ಹೋಗಲಿ, ಆಮೇಲಿನ ಮಳೆಯ ನೀರು ಹಿಡಿದಿಡಿ. ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಮತ್ತೆ ಬೋರ್ ನೀರು ಸೇರಿಸುತ್ತ ಹೋದರೆ ಗಡಸುತನ ಏರುತ್ತಲೇ ಇರುತ್ತದೆ, ಏಕೆಂದರೆ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆವಿಯಾದಷ್ಟನ್ನು ಮಳೆನೀರು ಅಥವಾ ಆರ್‌ಒ ನೀರಿನಿಂದಲೇ ತುಂಬಿ.

ಜಲ್ಲಿ ಎಂಥದ್ದು ಎಂದು ನೀವು ಬರೆದಿಲ್ಲ. ಬಿಳಿ ಅಮೃತಶಿಲೆಯ ಚೂರು, ಕಪ್ಪೆಚಿಪ್ಪು, ಹವಳದ ತುಂಡು ಇದ್ದರೆ ತೆಗೆಯಿರಿ. ಅವು ಕರಗುತ್ತ ಗಡಸುತನ ಏರಿಸುತ್ತವೆ. ಅನುಮಾನವಿದ್ದರೆ ಒಂದು ಕಲ್ಲನ್ನು ಹೊರಗಿಟ್ಟು ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಎರಡು ಹನಿ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲು, ಬೇಡ. ಆ ಕಲ್ಲನ್ನು ಮತ್ತೆ ತೊಟ್ಟಿಗೆ ಹಾಕಬೇಡಿ, ಕೈಗೆ ಗ್ಲೌಸ್ ಇರಲಿ. ಚಿತ್ರದುರ್ಗದ ಬೆಟ್ಟಗಳ ಗ್ರಾನೈಟ್ ಬಂಡೆಗೆ ಏನೂ ಆಗುವುದಿಲ್ಲ. ಮನೆ ಕಟ್ಟುವಲ್ಲಿ ಮಿಕ್ಕ ಗ್ರಾನೈಟ್ ಕಲ್ಲುಗಳು ತೊಟ್ಟಿಯ ಅಲಂಕಾರಕ್ಕೆ ಅಂಗಡಿಯ ಬಣ್ಣದ ಕಲ್ಲಿಗಿಂತ ಎಷ್ಟೋ ಚೆಂದ.

ಎಲೆ ಕರಗಿದ್ದರ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬ ಇಷ್ಟದ ವಿಷಯ. ಕ್ರಿಪ್ಟೊಕೊರೈನ್ ಕುಲದ ಕೆಲವು ಜಾತಿಗಳು ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳ ಗಿಡ. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಇವು ನೀರಿನಡಿ ಇರುತ್ತವೆ. ಬೇಸಿಗೆಗೆ ನೀರು ಇಳಿದಾಗ ಕಲ್ಲುಗಳ ನಡುವಿನ ಒದ್ದೆ ಮರಳಿನಲ್ಲಿ ಗಾಳಿಗೆ ಎಲೆ ಚಾಚಿ ನಿಲ್ಲುತ್ತವೆ. ನೀರಿನೊಳಗಿನ ಎಲೆಯೇ ಬೇರೆ, ಗಾಳಿಯ ಎಲೆಯೇ ಬೇರೆ. ಗಾಳಿಯ ಎಲೆಗೆ ಒಣಗದಂತೆ ಮೇಣದ ಹೊದಿಕೆ ಇರುತ್ತದೆ. ನೀರಿನ ಎಲೆ ತೆಳ್ಳಗೆ, ಮೈಯೆಲ್ಲದರಿಂದ ಪೋಷಕ ಹೀರುವಂತಿರುತ್ತದೆ. ಪರಿಸರ ಬದಲಾದಾಗ ಗಿಡ ಹಳೆಯ ಎಲೆಯನ್ನು ರಿಪೇರಿ ಮಾಡಲು ಹೋಗುವುದಿಲ್ಲ. ಅದರಲ್ಲಿರುವ ಸತ್ವವನ್ನು ಗೆಡ್ಡೆಗೆ ಎಳೆದುಕೊಂಡು, ಎಲೆಯನ್ನು ಕೈಬಿಟ್ಟು, ಹೊಸ ತರಹದ ಎಲೆ ಕಟ್ಟುತ್ತದೆ.

ನರ್ಸರಿಗಳಲ್ಲಿ ಅಕ್ವೇರಿಯಂ ಗಿಡಗಳನ್ನು ಹೆಚ್ಚಾಗಿ ಬೆಳೆಸುವುದು ನೀರಿನ ಮೇಲೆಯೇ. ಅಲ್ಲಿ ಬೇಗ ಬೆಳೆಯುತ್ತವೆ, ಪಾಚಿ ಹಿಡಿಯುವುದಿಲ್ಲ, ಸಾಗಿಸುವುದು ಸುಲಭ. ನೀವು ತಂದ ಕ್ರಿಪ್ಟೊಕೊರೈನ್, ಸ್ವೋರ್ಡ್ ಎರಡೂ ಬಹುಶಃ ಹಾಗೆ ಗಾಳಿಯಲ್ಲಿ ಬೆಳೆದವೇ. ನೀರಿಗಿಳಿದ ಮೇಲೆ ಹಳೆ ಎಲೆ ಬಿಡುತ್ತಿವೆ. ಲೋಳೆಯಾದ ಎಲೆಗಳನ್ನು ಬುಡದವರೆಗೆ ಕತ್ತರಿಸಿ ತೆಗೆಯಿರಿ, ಬಿಟ್ಟರೆ ಅವೇ ಕೊಳೆತು ಅಮೋನಿಯಾ ಆಗುತ್ತವೆ. ಬುಡವನ್ನು ಮಾತ್ರ ಕೀಳಬೇಡಿ. ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, ಗಟ್ಟಿಯಾಗಿದ್ದರೆ ಗಿಡ ಬದುಕಿದೆ. ಜಾಗವನ್ನೂ ಬದಲಿಸಬೇಡಿ, ಕ್ರಿಪ್ಟೊಕೊರೈನ್‌ಗೆ ಕಿತ್ತು ನೆಡುವುದೇ ಆಗದು, ಮತ್ತೆ ಎಲೆ ಬಿಡುತ್ತದೆ. ಮೂರರಿಂದ ಐದು ವಾರದಲ್ಲಿ ಬೋಳು ಬುಡದಿಂದ ಸಣ್ಣ, ಕಂದು ಛಾಯೆಯ, ಸೂಜಿಯಂಥ ಎಲೆ ಏಳುತ್ತದೆ. ಅದನ್ನು ಮೊದಲ ಸಲ ಕಂಡ ಖುಷಿ ನನಗೆ ಇವತ್ತಿಗೂ ನೆನಪಿದೆ.

ಅನುಬಿಯಾಸ್ ಪಶ್ಚಿಮ ಆಫ್ರಿಕಾದ ತೊರೆಗಳಲ್ಲಿ ಕಲ್ಲು, ಮರದ ಬೇರುಗಳಿಗೆ ಅಂಟಿ ಬೆಳೆಯುವ ಗಿಡ. ಅಡ್ಡಕ್ಕೆ ಮಲಗಿದ ದಪ್ಪ ಕಾಂಡದಿಂದ ಎಲೆ ಮೇಲಕ್ಕೆ, ಬೇರು ಕೆಳಕ್ಕೆ ಹೊರಡುತ್ತದೆ. ಆ ಕಾಂಡವನ್ನು ಜಲ್ಲಿಯಲ್ಲಿ ಹೂತಿದ್ದರೆ ಕೊಳೆಯುತ್ತದೆ. ಈಗಲೇ ಎತ್ತಿ, ಒಂದು ಕಲ್ಲಿಗೆ ಹೊಲಿಗೆ ದಾರದಿಂದ ಕಟ್ಟಿ ಇಡಿ. ತಿಂಗಳಿಗೆ ಒಂದು ಎಲೆ ಬಂದರೆ ಅದರ ಮಟ್ಟಿಗೆ ಚೆನ್ನಾಗಿಯೇ ಬೆಳೆಯುತ್ತಿದೆ ಎಂದು ಅರ್ಥ.

ಲಕ್ಕಿ ಬ್ಯಾಂಬೂವನ್ನು ಹೊರಗೆ ತೆಗೆಯಿರಿ. ಅದು ಬಿದಿರೂ ಅಲ್ಲ, ಜಲಸಸ್ಯವೂ ಅಲ್ಲ. ಡ್ರಸೀನಾ ಜಾತಿಯ ನೆಲದ ಗಿಡ. ಪೂರ್ತಿ ಮುಳುಗಿಸಿದರೆ ಕೆಲವು ವಾರ ಹಸಿರಾಗಿದ್ದು ಆಮೇಲೆ ಒಳಗಿಂದ ಕೊಳೆಯುತ್ತದೆ. ಬೇರು ನೀರಿನಲ್ಲಿ, ಎಲೆ ಗಾಳಿಯಲ್ಲಿ ಇರುವಂತೆ ತೊಟ್ಟಿಯ ಅಂಚಿನಲ್ಲಿ ನಿಲ್ಲಿಸಬಹುದಾದರೆ ಇರಲಿ, ನೈಟ್ರೇಟ್ ಹೀರುತ್ತದೆ. ಇನ್ನು ಆ ಹುಲ್ಲಿನ ಬೀಜ. ಒಂದು ವಾರದಲ್ಲಿ ಹಸಿರು ಹಾಸು ಎಂದು ಮಾರುವ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ನೆಲದ ಸಸಿಗಳ ಬೀಜ. ನೀರಿನಲ್ಲಿ ಮೊಳೆತು, ಕೆಲವು ವಾರ ಕಣ್ಣಿಗೆ ಹಬ್ಬವಾಗಿ, ನಂತರ ಒಟ್ಟಿಗೇ ಕೊಳೆತು ನೀರನ್ನು ಕೆಡಿಸುತ್ತವೆ. ಮೊಳಕೆ ಬಂದಿದ್ದರೆ ಪೈಪಿನಿಂದ ಎಳೆದು ತೆಗೆದುಬಿಡಿ. ಫೋಟೊಗಳಲ್ಲಿ ಕಾಣುವ ಹುಲ್ಲುಹಾಸಿನ ತೊಟ್ಟಿಗಳ ಶೈಲಿಯನ್ನು ಜಗತ್ತಿಗೆ ಪರಿಚಯಿಸಿದವರು ಜಪಾನಿನ ತಕಾಶಿ ಅಮಾನೊ. ಅಂಥ ತೊಟ್ಟಿಗಳ ಹಿಂದೆ ಬಲವಾದ ಬೆಳಕು, ಸಿಲಿಂಡರಿನ ಗ್ಯಾಸ್, ವಾರವಾರದ ಕತ್ತರಿ ಕೆಲಸ ಇರುತ್ತದೆ. ಅದು ಎರಡನೇ ವರ್ಷದ ಪಾಠವಾಗಿ ಇರಲಿ.

ಈಗ ನಿಮ್ಮ ತೊಟ್ಟಿಗೆ ಬೇಕಾದದ್ದು ಬೇಗ ಬೆಳೆಯುವ ಗಿಡ, ಅದೂ ತುಂಬ. ಹತ್ತು ಹದಿನೈದು ಕಡ್ಡಿ ಹೈಡ್ರಿಲ್ಲ ಅಥವಾ ಹಾರ್ನ್‌ವರ್ಟ್, ಹಿಂಬದಿಗೆ ವ್ಯಾಲಿಸ್ನೇರಿಯಾ, ಜೊತೆಗೆ ವಾಟರ್ ವಿಸ್ಟೀರಿಯಾ. ಈ ಕೊನೆಯದು ಭಾರತ ಉಪಖಂಡದ್ದೇ ಗಿಡ, ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದೆ. ನೀರು ಬ್ರಾಹ್ಮಿ ಸಿಕ್ಕರೆ ಅದನ್ನೂ ನೆಡಬಹುದು. ನಾನು ಹೇಳುತ್ತಿರುವುದು ದಪ್ಪ ಪುಟ್ಟ ಎಲೆಯ, ನೆಲಕ್ಕೆ ಹಬ್ಬುವ ಬಕೋಪ. ತಂಬುಳಿಗೆ ಬಳಸುವ ಒಂದೆಲಗ ಬೇರೆ. ಈ ಗಿಡಗಳು ಅಮೋನಿಯಂ ಅನ್ನು ನೇರವಾಗಿ ಹೀರಿಕೊಳ್ಳುತ್ತವೆ, ಬ್ಯಾಕ್ಟೀರಿಯಾ ಬಲಿಯುವವರೆಗೆ ಕಾಯುವುದಿಲ್ಲ. ಮೀನನ್ನು ಉಳಿಸುವುದಕ್ಕೆ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಸಾಧನ ಇದೇ. ಮೂರೇ ಬುಡ ಕ್ರಿಪ್ಟೊಕೊರೈನ್, ಎರಡೇ ಸ್ವೋರ್ಡ್ ಇಟ್ಟು ಹನ್ನೆರಡು ಮೀನು ಬಿಟ್ಟದ್ದಕ್ಕಿಂತ, ತೊಟ್ಟಿಯ ಮುಕ್ಕಾಲು ಪಾಲು ಗಿಡ ತುಂಬಿಸಿ ಮೀನಿಲ್ಲದೆ ಆರು ವಾರ ಇಟ್ಟಿದ್ದರೆ ಒಂದೂ ಸಾಯುತ್ತಿರಲಿಲ್ಲ. ಗಿಡದ ಅಕ್ವೇರಿಯಂ ಎಂದರೆ ಮೊದಲು ತೋಟ, ಆಮೇಲೆ ಮೀನಿನ ಮನೆ. ಕೆರೆ ಕಾಲುವೆಯಿಂದ ಗಿಡ ತರುವುದಾದರೆ ಎರಡು ವಾರ ಬೇರೆ ಬಕೆಟ್‌ನಲ್ಲಿ, ಬೆಳಕು ಬೀಳುವ ಕಡೆ ಇಡಿ. ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಅವುಗಳ ಜೊತೆ ಬರುತ್ತವೆ. ಆ ಹುಳು ಸಣ್ಣ ಮೀನನ್ನು ಹಿಡಿದು ತಿನ್ನುತ್ತದೆ.

ಕಂದು ಪುಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ತೊಟ್ಟಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ಬಂದೇ ಬರುತ್ತದೆ, ಹೋಗಿಯೂ ಹೋಗುತ್ತದೆ. ಗಾಜಿನಿಂದ ಹಳೆಯ ಸ್ಪಂಜಿನಲ್ಲಿ ಒರೆಸಿ, ಎಲೆಗಳ ಮೇಲಿನದನ್ನು ಬೆರಳಿನಿಂದ ನವಿರಾಗಿ ಉಜ್ಜಿ. ಪಾಚಿ ಕೊಲ್ಲುವ ಔಷಧಿ ಹಾಕಬೇಡಿ. ಅಂಥ ಹಲವು ದ್ರವಗಳಲ್ಲಿ ತಾಮ್ರ ಇರುತ್ತದೆ, ಗಿಡಕ್ಕೂ ಬಸವನಹುಳುವಿಗೂ ಸೀಗಡಿಗೂ ಅದು ವಿಷ.

ಆದರೆ ಬೆಳಕನ್ನು ಇವತ್ತೇ ಕಡಿಮೆ ಮಾಡಿ. ಇಲ್ಲದಿದ್ದರೆ ಕಂದು ಹೋದ ಜಾಗಕ್ಕೆ ಹಸಿರು ನೂಲು ಪಾಚಿ, ಅದರ ಹಿಂದೆ ಕಪ್ಪು ಗಡ್ಡದಂಥ ಪಾಚಿ ಬರುತ್ತವೆ, ಅವು ಸುಲಭಕ್ಕೆ ಹೋಗುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಂದರೆ ಹದಿನೈದು ಗಂಟೆ. ಬೇರೂರದ, ಎಲೆಯಿಲ್ಲದ ಗಿಡ ಅಷ್ಟು ಬೆಳಕನ್ನು ಏನು ಮಾಡಿಕೊಂಡೀತು? ಅದು ಬಿಟ್ಟದ್ದನ್ನೆಲ್ಲ ಪಾಚಿ ತಿನ್ನುತ್ತದೆ. ದಿನಕ್ಕೆ ಆರು ಗಂಟೆ ಸಾಕು. ಪ್ಲಗ್ಗಿಗೆ ಸಿಕ್ಕಿಸುವ ಟೈಮರ್ ತಂದು ಸಂಜೆ ನಾಲ್ಕರಿಂದ ರಾತ್ರಿ ಹತ್ತಕ್ಕೆ ಹೊಂದಿಸಿದರೆ ನಿಮಗೂ ನೋಡಲು ಅನುಕೂಲ. ಹೊಸ ಎಲೆಗಳು ಚೆನ್ನಾಗಿ ಬರತೊಡಗಿದ ಮೇಲೆ ಎರಡು ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ, ದಿನಕ್ಕೆ ಒಟ್ಟು ಎಂಟು ಗಂಟೆಯಾದಾಗ ಏರಿಸುವುದನ್ನು ನಿಲ್ಲಿಸಿ. ಲೈಟು ಹಗಲಿನಂಥ ಬಿಳಿ ಬೆಳಕಿನದಾಗಿರಲಿ, ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದಿರುತ್ತದೆ. ನೀಲಿ, ಗುಲಾಬಿ ಬಣ್ಣದ ದೀಪ ಬೇಡ. ತೊಟ್ಟಿಗೆ ಬಿಸಿಲು ಬೀಳುವ ಕಿಟಕಿ ಇದ್ದರೆ ಪರದೆ ಎಳೆಯಿರಿ.

ಗ್ಯಾಸ್ ಸಿಲಿಂಡರ್ ಈಗ ಬೇಡ. ನಾನು ಹೇಳಿದ ಗಿಡಗಳಲ್ಲಿ ಯಾವುದಕ್ಕೂ ಅದು ಬೇಕಿಲ್ಲ. ಬಾಟಲಿಯಲ್ಲಿ ಸಕ್ಕರೆ, ಈಸ್ಟ್ ಬೆರೆಸಿ ಆ ಗ್ಯಾಸ್ ತೆಗೆಯುವ ಉಪಾಯವೂ ಬೇಡ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬರುವ ಗ್ಯಾಸ್ ಕಪ್ಪು ಪಾಚಿಗೆ ಆಹ್ವಾನ. ಗೊಬ್ಬರಕ್ಕೂ ಅವಸರವಿಲ್ಲ. ಹೊಸ ಎಲೆ ಬರತೊಡಗಿದ ಮೇಲೆ ಸ್ವೋರ್ಡ್ ಮತ್ತು ಕ್ರಿಪ್ಟೊಕೊರೈನ್ ಬುಡದಲ್ಲಿ ಒಂದೊಂದು ಬೇರಿನ ಮಾತ್ರೆ ಹೂತರೆ ಎರಡು ಮೂರು ತಿಂಗಳಿಗೆ ಆಗುತ್ತದೆ, ಅವೆರಡೂ ಹೆಚ್ಚಾಗಿ ಬೇರಿನಿಂದ ಉಣ್ಣುವ ಗಿಡ. ಆಮೇಲೆ ಗಿಡವೇ ಮಾತಾಡುತ್ತದೆ. ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಬಂದರೆ ಪೊಟ್ಯಾಸಿಯಂ ಸಾಲದು, ಹೊಸ ಚಿಗುರು ಬಿಳಿಚಿದರೆ ಕಬ್ಬಿಣ ಸಾಲದು. ಗಡಸು ನೀರಿನಲ್ಲಿ ಕಬ್ಬಿಣದ ಕೊರತೆ ಬೇಗ ಕಾಣಿಸುತ್ತದೆ. ತೋಟಕ್ಕೆ ಹಾಕುವ ಯೂರಿಯಾ, ಡಿಎಪಿ ಕಾಳನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ನೀರಿನಲ್ಲಿ ಅವು ಅಮೋನಿಯಾ ಆಗಿ ಒಂದೇ ರಾತ್ರಿಯಲ್ಲಿ ಮೀನನ್ನು ಕೊಲ್ಲಬಲ್ಲವು.

ಏಪ್ರಿಲ್, ಮೇ ತಿಂಗಳಿಗೆ ಒಂದು ತಯಾರಿ ಬೇಕು. ನೀರು 30 ಡಿಗ್ರಿ ದಾಟಿದರೆ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ಮುಚ್ಚಳ ತೆಗೆದು, ನೀರಿನ ಮೈಗೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮಣ್ಣಿನ ಹೂಜಿ ತಣ್ಣಗಾಗುವ ಬಗೆಯೇ ಇದು. ರಾತ್ರಿ ಹೊತ್ತು ಗಿಡಗಳೂ ಆಮ್ಲಜನಕ ಬಳಸುತ್ತವೆ. ಬೆಳಿಗ್ಗೆ ಎದ್ದಾಗ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ರಾತ್ರಿ ಏರ್ ಪಂಪ್ ಹಾಕಿ. ಕರೆಂಟ್ ಎರಡು ಮೂರು ಗಂಟೆ ಹೋದರೆ ಚಿಂತೆಯಿಲ್ಲ. ಅರ್ಧ ದಿನ ಹೋಗುವ ಹಾಗಿದ್ದರೆ ಫಿಲ್ಟರಿನ ಸ್ಪಂಜನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲೇ ತೇಲಬಿಡಿ, ಮುಚ್ಚಿದ ಡಬ್ಬಿಯೊಳಗೆ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತದೆ. ಗಂಟೆಗೊಮ್ಮೆ ಒಂದು ಹತ್ತು ಮಗ್ಗು ನೀರನ್ನು ಮೇಲಿಂದ ಎತ್ತಿ ಸುರಿಯಿರಿ.

ಅಮೋನಿಯಾ, ನೈಟ್ರೈಟ್ ಎರಡೂ ಸತತ ಎರಡು ವಾರ ಸೊನ್ನೆ ತೋರಿಸಿ, ನೈಟ್ರೇಟ್ ಸ್ವಲ್ಪ ಕಂಡರೆ ತೊಟ್ಟಿ ಬಲಿತಿದೆ. ಗಿಡ ದಟ್ಟವಾಗಿದ್ದರೆ ನೈಟ್ರೇಟೂ ಸೊನ್ನೆಯ ಹತ್ತಿರ ಇರಬಹುದು, ಗಾಬರಿ ಬೇಡ. ಬೋರ್ ನೀರನ್ನೂ ಒಮ್ಮೆ ಅಳೆಯಿರಿ, ಹೊಲಗಳ ನಡುವಿನ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮೊದಲೇ ಇರುತ್ತದೆ. ಅಲ್ಲಿಂದ ಮುಂದೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಹೊಸ ಮೀನು ಬೇಕೆನಿಸಿದರೆ ಗಡಸು ನೀರನ್ನು ಇಷ್ಟಪಡುವ ಗಪ್ಪಿ, ಪ್ಲ್ಯಾಟಿ ತನ್ನಿ. ಅಥವಾ ಜೀಬ್ರಾ ಡೇನಿಯೋ, ಅದು ನಮ್ಮ ನಾಡಿನ ಹೊಳೆ ಗದ್ದೆಗಳದೇ ಮೀನು, ಗಟ್ಟಿಮುಟ್ಟು. ಒಂದು ಸಲಕ್ಕೆ ಮೂರು ನಾಲ್ಕು, ಎರಡು ವಾರ ಬಿಟ್ಟು ಮತ್ತೆ. ಟೆಟ್ರಾ ಸೇರಿ ಹನ್ನೆರಡರ ಮೇಲೆ ಹೋಗಬೇಡಿ. ಗೋಲ್ಡ್ ಫಿಶ್ ಬೇಡ, ಗಿಡ ಕಿತ್ತು ತಿನ್ನುತ್ತದೆ. ಗಂಟೆಗಟ್ಟಲೆ ನೋಡುವಷ್ಟು ಚೆಂದದ ಮಿಸ್ ಕೇರಳ ಮೀನು ನಮ್ಮ ಪಶ್ಚಿಮ ಘಟ್ಟದ್ದೇ, ಆದರೆ ಅರ್ಧ ಅಡಿ ಬೆಳೆದು ಗುಂಪಿನಲ್ಲಿ ಓಡುವ ಅದಕ್ಕೆ ಎರಡಡಿ ತೊಟ್ಟಿ ಜೈಲು. ಹೊಳೆಯಿಂದ ಹಿಡಿದು ಮಾರಿ ಮಾರಿ ಅದರ ಸಂತತಿಯೇ ಅಪಾಯದಲ್ಲಿದೆ.

ಸಕ್ಕರ್ ಮೀನನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಂಗಡಿಯಲ್ಲಿ ಎರಡಂಗುಲ ಇರುವ ಅದು ಒಂದಡಿ ದಾಟಿ ಬೆಳೆಯುತ್ತದೆ, ದಕ್ಷಿಣ ಅಮೆರಿಕದ ಮೀನು. ಡಯಾಟಮ್ ಮುಗಿಯುವ ಹೊತ್ತಿಗೆ ಅದು ಗಿಡಗಳನ್ನು ಬುಡಮೇಲು ಮಾಡತೊಡಗುತ್ತದೆ, ತೊಟ್ಟಿಗೆ ರಾಶಿ ಹಿಕ್ಕೆ ತುಂಬುತ್ತದೆ. ಆಮೇಲೆ ಸಾಕಲಾಗದೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ಹೀಗೆ ಬಿಟ್ಟವು ದೇಶದ ಹಲವು ಕೆರೆಗಳಲ್ಲಿ ಈಗ ಸಂತಾನ ಬೆಳೆಸಿವೆ. ಗಿಡಗಳ ಕಥೆಯೂ ಇದೇ. ಮೇಲೆ ಹೇಳಿದ ಕಬೋಂಬಾದ ಒಂದು ಜಾತಿ, ಹೊರದೇಶದಿಂದ ಬಂದದ್ದು, 2020ರಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿ ಎಂಬ ಊರಿನಲ್ಲಿ ನೀರಿನ ಮೇಲೆಲ್ಲ ಗುಲಾಬಿ ಬಣ್ಣದ ಹೂ ಬಿಟ್ಟು ನಿಂತಿತು. ಜನ ಫೋಟೊ ತೆಗೆಯಲು ಮುಗಿಬಿದ್ದರು. ಅದರಡಿಯಲ್ಲಿ ಆ ನೀರಿನ ಸ್ವಂತ ಗಿಡಗಳಿಗೆ ಬೆಳಕೂ ಜಾಗವೂ ಇರಲಿಲ್ಲ. ನೀವು ಕತ್ತರಿಸಿ ತೆಗೆದ ಗಿಡ, ಬದಲಿಸಿದ ನೀರಿನಲ್ಲಿ ತೇಲಿಬರುವ ಚೂರು ಯಾವುದೂ ಚರಂಡಿಗಾಗಲಿ ಕೆರೆಗಾಗಲಿ ಹೋಗಬಾರದು. ಬಿಸಿಲಿಗೆ ಹರಡಿ ಗರಿಗರಿಯಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಬದಲಿಸಿದ ನೀರನ್ನು ಕುಂಡದ ಗಿಡಗಳಿಗೆ ಹೊಯ್ಯಿರಿ. ಉಪ್ಪು ಹಾಕಿದ ವಾರದ ನೀರನ್ನು ಮಾತ್ರ ಬೇಡ.